ಬಿಚ್ಚಿಕೊಂಡ ನಾಲ್ಕನೆಯ ಕಾಯಿಲ್: ಮಿದುಳಿನ ಅನ್ಯೂರಿಸಂ ಚಿಕಿತ್ಸೆಯ ನಡುವೆ ಎದುರಾದ ಒಂದು ತೊಡಕು

ಅಡಿಕೆ ತೋಟದ ಮನೆಯೊಂದರ 52 ವರ್ಷದ ಗೃಹಿಣಿ ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದಾಗ ಹಿಂದಲೆಯಲ್ಲಿ ಏನೋ ಸಿಡಿದಂತಾಗಿ ಕುಸಿದು ಕುಳಿತರು. ಎರಡು ಸಲ ವಾಂತಿಯಾಯಿತು, ಪ್ರಜ್ಞೆ ತಪ್ಪಲಿಲ್ಲ. ಪಿತ್ತ ಕೆರಳಿರಬೇಕೆಂದು ಮನೆಯವರು ಅಂದುಕೊಂಡರು; ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಎರಡು ದಿನ ಕಳೆಯಿತು. ಮೂರನೆಯ ದಿನ ಕತ್ತನ್ನು ಬಗ್ಗಿಸಲಾಗದೆ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವಂತಾದಾಗ ತೆಗೆಸಿದ ಸಿ.ಟಿ. ಸ್ಕ್ಯಾನಿನಲ್ಲಿ ಮಿದುಳಿನ ಎರಡು ಅರೆಗೋಳಗಳ ನಡುವಿನ ಸೀಳಿನಲ್ಲಿ ರಕ್ತ ಹೆಪ್ಪುಗಟ್ಟಿರುವುದು ಬೆಳ್ಳಗೆ ಕಾಣಿಸಿತು. ನಮ್ಮಲ್ಲಿಗೆ ಬಂದಾಗ ಅವರು ಎಚ್ಚರವಾಗಿದ್ದರು, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಿದ್ದರು, ಕೈಕಾಲುಗಳಲ್ಲಿ ಬಲವಿತ್ತು. ಹಂಟ್ ಮತ್ತು ಹೆಸ್ ಶ್ರೇಣಿಯಲ್ಲಿ ಅದು ಎರಡನೆಯ ದರ್ಜೆ, ಅಂದರೆ ಸರಿಯಾಗಿ ಚಿಕಿತ್ಸೆಯಾದರೆ ಒಳ್ಳೆಯ ಫಲಿತಾಂಶವನ್ನು ನಿರೀಕ್ಷಿಸಬಹುದಾದ ಸ್ಥಿತಿ. ಈ ಬರಹದುದ್ದಕ್ಕೂ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು: ಚಿಕಿತ್ಸೆಗೆ ಮೊದಲು ಅವರ ಬಲಗಾಲು ಸರಿಯಾಗಿಯೇ ಇತ್ತು. ರೋಗಿಯ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಆಂಜಿಯೋಗ್ರಾಂನಲ್ಲಿ ಆಂಟೀರಿಯರ್ ಕಮ್ಯುನಿಕೇಟಿಂಗ್ ಅಪಧಮನಿಯ ಮೇಲೆ, ನಾವು ದಿನನಿತ್ಯದ ಮಾತಿನಲ್ಲಿ ಎ-ಕಾಮ್ ಎನ್ನುವ ಜಾಗದಲ್ಲಿ, ಅನ್ಯೂರಿಸಂ, ಎಂದರೆ ನಾಳದ ಗೋಡೆ ದುರ್ಬಲವಾಗಿ ಉಬ್ಬಿ ಆದ ಚೀಲ, ಸಿಕ್ಕಿತು. ಉದ್ದ 6 ಮಿ.ಮೀ., ಅಗಲ 4.5 ಮಿ.ಮೀ., ನಾಳಕ್ಕೆ ತೆರೆದುಕೊಳ್ಳುವ ಕತ್ತು 2.8 ಮಿ.ಮೀ. ಇದ್ದ, ತುದಿಯಲ್ಲಿ ಸಣ್ಣ ಮೊಲೆತೊಟ್ಟಿನಂತಹ ಚಾಚಿಕೆಯಿದ್ದ ಚೀಲ ಅದು. ಒಡೆದದ್ದು ಆ ಚಾಚಿಕೆಯೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಒಡೆದ ಅನ್ಯೂರಿಸಂಗಳು ಹೆಚ್ಚಾಗಿ ಸಿಗುವ ತಾಣಗಳಲ್ಲಿ ಎ-ಕಾಮ್ ಒಂದಾದ್ದರಿಂದ ಅದರಲ್ಲಿ ವಿಶೇಷವೇನಿಲ್ಲ. ವಿಶೇಷವಿದ್ದದ್ದು ರಕ್ತನಾಳಗಳ ಜೋಡಣೆಯಲ್ಲಿ. ಸಾಮಾನ್ಯವಾಗಿ ಎಡದಿಂದೊಂದು, ಬಲದಿಂದೊಂದು ಎ-1 ನಾಳ ಬಂದು ಎ-ಕಾಮ್‌ನ ಸಣ್ಣ ಸೇತುವೆಯ ಎರಡು ತುದಿಗಳನ್ನು ಸೇರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ನೋಡಿಕೊಳ್ಳುತ್ತದೆ. ಇವರಲ್ಲಿ ಬಲಗಡೆಯ ಎ-1 ನೂಲಿನಷ್ಟು ಸಣ್ಣದಾಗಿತ್ತು. ಎರಡೂ ಕಡೆಯ ಎ-2 ನಾಳಗಳು, ಎಂದರೆ ಎರಡೂ ಕಾಲುಗಳನ್ನು ಆಡಿಸುವ ಮಿದುಳಿನ ಭಾಗಕ್ಕೆ ರಕ್ತ ಒಯ್ಯುವ ನಾಳಗಳು, ಎಡಗಡೆಯ ಒಂದೇ ಎ-1ರಿಂದ ತುಂಬಿಕೊಳ್ಳುತ್ತಿದ್ದವು. ನಾವು ಹತ್ತಬೇಕಾಗಿದ್ದ ದಾರಿಯೂ ಅದೊಂದೇ.

ಒಮ್ಮೆ ಒಡೆದ ಅನ್ಯೂರಿಸಂ ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲಿ ಅತಿ ಹೆಚ್ಚಿರುತ್ತದೆ. ಆ ಗಡಿಯನ್ನು ಅವರು ಅದೃಷ್ಟದಿಂದ ದಾಟಿ ಬಂದಿದ್ದರು. ತಲೆಬುರುಡೆ ತೆರೆದು ಚೀಲದ ಕತ್ತಿಗೆ ಕ್ಲಿಪ್ ಹಾಕುವುದೋ, ತೊಡೆಯ ನಾಳದ ಮೂಲಕ ಹೋಗಿ ಕಾಯಿಲ್ ತುಂಬುವುದೋ ಎಂಬ ಪ್ರಶ್ನೆಯನ್ನು ನರಶಸ್ತ್ರಚಿಕಿತ್ಸಕರೊಡನೆ ಕುಳಿತು ಚರ್ಚಿಸಿದೆವು. ಎರಡೂ ವಿಧಾನಗಳಿಗೆ ಒಗ್ಗುವಂತಹ 2143 ರೋಗಿಗಳನ್ನು ಹೋಲಿಸಿ 2002ರಲ್ಲಿ ಪ್ರಕಟವಾದ ಐಸ್ಯಾಟ್ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರ ಪ್ರಮಾಣ ಕಾಯಿಲ್ ಗುಂಪಿನಲ್ಲಿ ಶೇ. 23.7, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 30.6 ಇತ್ತು. ಅಂದಿನಿಂದ ಇಂತಹ ಆಕಾರದ ಅನ್ಯೂರಿಸಂಗಳಿಗೆ ಕಾಯಿಲ್ ಮೊದಲ ಆಯ್ಕೆಯಾಗಿದೆ. ಆ ತೀರ್ಮಾನ ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ. ತಪ್ಪು ನಡೆದದ್ದು ಅದರ ನಂತರ.

ಮುಂದೆ ಆದದ್ದು ಅರ್ಥವಾಗಬೇಕಾದರೆ ಕಾಯಿಲ್ ಎಂದರೇನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಟಲಿಯ ಗುಯಿಡೊ ಗುಗ್ಲಿಯೆಲ್ಮಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1990ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಲ್ಲಿ ಬಳಸಿದ ಈ ಸಾಧನ, ಬೇಕೆಂದಾಗ ಕಳಚಿಬಿಡಬಹುದಾದ ಪ್ಲಾಟಿನಂ ಸುರುಳಿ. ಅದರ ಹಿರಿಮೆಯಿರುವುದು ಕಳಚುವುದರಲ್ಲಿ ಎನ್ನುವುದಕ್ಕಿಂತ, ಕಳಚುವವರೆಗೂ ವಾಪಸ್ ಎಳೆದುಕೊಳ್ಳಬಹುದು ಎನ್ನುವುದರಲ್ಲಿ. ತಲೆಗೂದಲಿಗಿಂತ ತೆಳುವಾದ, ಸುಮಾರು 0.05 ಮಿ.ಮೀ. ದಪ್ಪದ ಪ್ಲಾಟಿನಂ ತಂತಿಯನ್ನು ಮೊದಲು ಒತ್ತೊತ್ತಾಗಿ ಸುತ್ತಿ ಕಾಲು ಮಿ.ಮೀ. ದಪ್ಪದ ಸ್ಪ್ರಿಂಗ್ ಮಾಡುತ್ತಾರೆ. ಆ ಸ್ಪ್ರಿಂಗನ್ನೇ ಮತ್ತೆ ಬಳೆಯಾಕಾರಕ್ಕೆ ಬಗ್ಗಿಸುತ್ತಾರೆ. ಮೈಕ್ರೋಕ್ಯಾಥೆಟರ್ ಎಂಬ ಬಹು ಸಣ್ಣ ಕೊಳವೆಯೊಳಗೆ ನೇರವಾಗಿ ಸಾಗುವ ಅದು ಚೀಲದೊಳಗೆ ಬಂದೊಡನೆ ತನ್ನ ಬಳೆಯಾಕಾರವನ್ನು ನೆನಪಿಸಿಕೊಂಡು ಸುತ್ತಿಕೊಳ್ಳುತ್ತದೆ. ಸ್ಪ್ರಿಂಗ್ ಬಿಚ್ಚಿಹೋಗದಂತೆ ಈಗಿನ ಬಹುತೇಕ ಕಾಯಿಲ್‌ಗಳ ಹೊಟ್ಟೆಯೊಳಗೆ ಒಂದು ಸಣ್ಣ ದಾರವನ್ನೂ ಹಾಯಿಸಿರುತ್ತಾರೆ. ಆ ದಾರ ತುಂಡಾಗುವಷ್ಟು ಎಳೆದರೆ, ಬಾಲ್‌ಪೆನ್ನಿನ ಸ್ಪ್ರಿಂಗನ್ನು ಚಿಕ್ಕಂದಿನಲ್ಲಿ ಎಳೆದು ಹಾಳು ಮಾಡಿದ ಎಲ್ಲರಿಗೂ ಗೊತ್ತಿರುವಂತೆ, ಅದು ಮತ್ತೆ ಸ್ಪ್ರಿಂಗ್ ಆಗುವುದಿಲ್ಲ.

ಇನ್ನೊಂದು ಲೆಕ್ಕವಿದೆ. ಕಾಲು ಮಿ.ಮೀ. ದಪ್ಪದ ಸುರುಳಿಯ ಒಂದು ಸುತ್ತಿನಲ್ಲಿ ಸುಮಾರು 0.63 ಮಿ.ಮೀ. ತಂತಿಯಿರುತ್ತದೆ, ಒಂದು ಮಿ.ಮೀ. ಉದ್ದದ ಕಾಯಿಲ್‌ನಲ್ಲಿ 20 ಸುತ್ತುಗಳಿರುತ್ತವೆ. ಅಂದರೆ 1 ಸೆಂ.ಮೀ. ಕಾಯಿಲ್ ಪೂರ್ತಿ ಬಿಚ್ಚಿಕೊಂಡರೆ 12 ಸೆಂ.ಮೀ.ಗೂ ಹೆಚ್ಚು ತಂತಿಯಾಗುತ್ತದೆ. ಕೇಳುವಾಗ ಕುತೂಹಲದ ಸಂಗತಿಯೆನಿಸುವ ಈ ಲೆಕ್ಕ ಕ್ಯಾಥ್ ಲ್ಯಾಬಿನಲ್ಲಿ ಎಷ್ಟು ಕ್ರೂರವಾಗಬಲ್ಲದೆಂಬುದು ಅಂದು ತಿಳಿಯಿತು.

ಪೂರ್ಣ ಅರಿವಳಿಕೆಯಲ್ಲಿ, ಬಲತೊಡೆಯ ಅಪಧಮನಿಯ ಮೂಲಕ ಗೈಡಿಂಗ್ ಕ್ಯಾಥೆಟರನ್ನು ಕೊರಳಿನ ಎಡ ಕ್ಯಾರೋಟಿಡ್ ಅಪಧಮನಿಗೆ ಏರಿಸಿ, ಅದರೊಳಗಿಂದ ಮೈಕ್ರೋಕ್ಯಾಥೆಟರನ್ನು ಎ-1 ದಾಟಿಸಿ ಚೀಲದೊಳಗೆ ಕೂರಿಸಿದೆವು. ಮೊದಲನೆಯ ಕಾಯಿಲ್ 5 ಮಿ.ಮೀ. ವ್ಯಾಸದ ಬಳೆಗಳಾಗಿ ಚೀಲದ ಗೋಡೆಗೊರಗಿ ಒಂದು ಬುಟ್ಟಿ ಹೆಣೆದಂತೆ ಕುಳಿತುಕೊಂಡಿತು. ಅದನ್ನು ಕಳಚಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ 3000 ಯೂನಿಟ್ ಹೆಪಾರಿನ್ ಕೊಟ್ಟೆವು. ಎರಡನೆಯದು, ಮೂರನೆಯದು ಆ ಬುಟ್ಟಿಯೊಳಗೆ ಸಲೀಸಾಗಿ ತುಂಬಿಕೊಂಡವು. ಎಕ್ಸ್-ರೇಯಲ್ಲಿ ನಾಳಗಳು ಕಾಣಲೆಂದು ಹಾಕುವ ಬಣ್ಣ ತುದಿಯ ಚಾಚಿಕೆಗೆ ಹೋಗುವುದು ನಿಂತಿತು. ಉಳಿದದ್ದು ಕತ್ತಿನ ಬಳಿಯ ಸ್ವಲ್ಪ ಜಾಗ.

ಅದಕ್ಕೆಂದು 2.5 ಮಿ.ಮೀ. ಬಳೆಯ, 6 ಸೆಂ.ಮೀ. ಉದ್ದದ ಮೃದುವಾದ ನಾಲ್ಕನೆಯ ಕಾಯಿಲನ್ನು ತೆರೆದೆವು. ಅದರ ಕೊನೆಯ ಸುತ್ತು ಕತ್ತಿನಿಂದ ಹೊರಗೆ, ಎ-1 ಮತ್ತು ಎಡ ಎ-2 ಕೂಡುವ ಜಾಗಕ್ಕೆ ಇಣುಕಿತು. ಹಿಂದಕ್ಕೆಳೆದು ಮತ್ತೆ ತುಂಬಿದೆವು, ಮತ್ತೆ ಇಣುಕಿತು. ಎರಡನೆಯ ಸಲ ಹಿಂದಕ್ಕೆಳೆದು ಕ್ಯಾಥೆಟರಿನ ತುದಿಯನ್ನು ತುಸು ಒಳಗೆ ಸರಿಸಿ ಮತ್ತೆ ತುಂಬಿದೆವು. ಈ ಸಲ ಇಣುಕಿದ್ದು ಇನ್ನೂ ಹೆಚ್ಚು. ಮೂರನೆಯ ಸಲ ಹಿಂದಕ್ಕೆಳೆಯುವಾಗ ಮೊದಲೆರಡು ಬಾರಿ ಇಲ್ಲದ ಒಂದು ಬಿಗಿ ಬೆರಳಿಗೆ ತಾಗಿತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕಾಯಿಲ್ ಅಂಟಿಕೊಂಡಿರುವ ಡೆಲಿವರಿ ವೈರ್ ಸುಮಾರು 2 ಸೆಂ.ಮೀ. ಹಿಂದೆ ಬಂದಿತ್ತು. ಪರದೆಯ ಮೇಲೆ ಕಾಯಿಲ್‌ನ ಗಂಟು ಮಾತ್ರ ಅಲುಗಿರಲಿಲ್ಲ.

ಹೊರಗೆ ಕೈ ಸರಿದಷ್ಟೇ ಒಳಗೆ ಕಾಯಿಲ್ ಸರಿಯಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಕೈ ಸರಿದು ಕಾಯಿಲ್ ಸರಿಯದಿದ್ದರೆ ಆ ವ್ಯತ್ಯಾಸ ಎಲ್ಲೋ ಜಮೆಯಾಗುತ್ತಿದೆ ಎಂದರ್ಥ: ಒಂದೋ ಕ್ಯಾಥೆಟರಿನ ತಿರುವುಗಳಲ್ಲಿದ್ದ ಸಡಿಲ ಬಿಗಿಯಾಗುತ್ತಿದೆ, ಇಲ್ಲವೇ ಸುರುಳಿ ಬಿಚ್ಚಿಕೊಳ್ಳುತ್ತಿದೆ. ಮೊದಲನೆಯದು ಎಲ್ಲ ಕೇಸುಗಳಲ್ಲೂ ಸ್ವಲ್ಪ ಮಟ್ಟಿಗೆ ಇದ್ದೇ ಇರುವುದರಿಂದ ಎರಡನೆಯದನ್ನು ಮೊದಲನೆಯದೆಂದು ಭ್ರಮಿಸುವುದು ಬಹಳ ಸುಲಭ. ನಾವೂ ಹಾಗೆಯೇ ಭ್ರಮಿಸಿ ಇನ್ನೂ ಸ್ವಲ್ಪ ಎಳೆದೆವು. ಮೇಲಿನ ಲೆಕ್ಕದಂತೆ ನೋಡಿದರೆ, ಮೊದಲ 2 ಸೆಂ.ಮೀ. ಎಳೆದಾಗ ಒಳಗೆ ಬಿಚ್ಚಿದ್ದ ಸುರುಳಿ 2 ಮಿ.ಮೀ.ಯಷ್ಟೂ ಇರಲಾರದು, ಅಲ್ಲಿಗೇ ನಿಲ್ಲಿಸಿದ್ದರೆ ಕಾಯಿಲ್‌ನ ಬಹುಪಾಲು ಗಟ್ಟಿಯಾಗಿಯೇ ಉಳಿದಿರುತ್ತಿತ್ತು. ನಿಲ್ಲಿಸಿದ್ದು ಇನ್ನಷ್ಟು ಎಳೆದ ಮೇಲೆ, ಪರದೆಯನ್ನು ಹಿಗ್ಗಿಸಿ ನೋಡಿದಾಗ ಕ್ಯಾಥೆಟರಿನ ತುದಿ ಮತ್ತು ಗಂಟಿನ ನಡುವೆ ಕಂಡೂ ಕಾಣದ ಒಂದು ಬೂದು ಗೆರೆ ಗೋಚರಿಸಿದಾಗ. ಗಟ್ಟಿ ಕಾಯಿಲ್ ಎಕ್ಸ್-ರೇಯಲ್ಲಿ ಕಪ್ಪಗೆ ಎದ್ದು ಕಾಣುತ್ತದೆ. ಬಿಚ್ಚಿದ ತಂತಿ ಹೆಚ್ಚುಕಡಿಮೆ ಮಾಯವಾಗುತ್ತದೆ.

ಸಿಕ್ಕಿಕೊಂಡದ್ದೇಕೆ? ಎರಡನೆಯ ಸಲ ತುದಿಯನ್ನು ಒಳಗೆ ಸರಿಸಿದಾಗ ಅದು ಹಿಂದಿನ ಮೂರು ಕಾಯಿಲ್‌ಗಳ ಎಳೆಗಳ ನಡುವೆ ನುಗ್ಗಿತ್ತು. ಅಲ್ಲಿಂದ ಹೊರಬಂದ ನಾಲ್ಕನೆಯ ಕಾಯಿಲ್ ಹಳೆಯ ಎಳೆಗಳ ಸುತ್ತ ಹೆಣೆದುಕೊಂಡಿತು. ಹಿಂದಕ್ಕೆಳೆದಾಗ ಅದು ಕ್ಯಾಥೆಟರಿನ ಬಾಯಿಗೆ ನೇರವಾಗಿ ಬರದೆ ಅಂಚಿಗೆ ಉಜ್ಜಿಕೊಂಡು, ಮಡಿಚಿದಂತೆ ಬರತೊಡಗಿತು. ಬಿಗಿ ಸಿಕ್ಕಿದೊಡನೆ ಮಾಡಬೇಕಾದದ್ದು ಎಳೆಯುವುದಲ್ಲ, ಕ್ಯಾಥೆಟರಿನ ತುದಿಯನ್ನು ಹಿಂದೆ ಸರಿಸಿ ಅದರ ಬಾಯಿಯನ್ನೂ ಕಾಯಿಲನ್ನೂ ಒಂದೇ ಗೆರೆಗೆ ತಂದುಕೊಳ್ಳುವುದು. ಇದು ನಮಗೆ ಗೊತ್ತಿರಲಿಲ್ಲ ಎಂದಲ್ಲ.

ಹಾಗಾದರೆ ಮೂರನೆಯ ಸಲವೂ ಅದೇ ಕಾಯಿಲನ್ನು ತಿರುಗಿಸುತ್ತಾ ಕುಳಿತದ್ದೇಕೆ ಎಂಬುದಕ್ಕೆ ಉತ್ತರ ತಾಂತ್ರಿಕವಾದದ್ದಲ್ಲ. ಒಂದೊಂದು ಕಾಯಿಲ್‌ಗೂ ಹತ್ತಾರು ಸಾವಿರ ರೂಪಾಯಿ. ಪ್ಯಾಕೆಟ್ ತೆರೆದ ಮೇಲೆ ಬಳಸಲಿ ಬಿಡಲಿ, ಬಿಲ್ಲಿಗೆ ಸೇರುತ್ತದೆ. ಹಿಂದಿನ ರಾತ್ರಿ ಮಗ ತೋಟದ ಮೇಲೆ ಕೈಸಾಲ ಮಾಡಿ ಹಣ ಹೊಂದಿಸಿದ್ದನ್ನು ನಾವು ನೋಡಿದ್ದೆವು. ಕತ್ತು 2.8 ಮಿ.ಮೀ. ಇದ್ದರೂ ಬಲೂನ್ ಕ್ಯಾಥೆಟರನ್ನು ಮೊದಲೇ ಎ-1ರಲ್ಲಿ ಇರಿಸಿಕೊಳ್ಳದೆ, ಬೇಕಾದರೆ ನೋಡೋಣ ಎಂದುಕೊಂಡಿದ್ದರ ಹಿಂದೆಯೂ ಇದೇ ಇತ್ತು. ಬಲೂನು ಕತ್ತಿಗೆ ಅಡ್ಡವಾಗಿ ಇದ್ದಿದ್ದರೆ ಕೊನೆಯ ಸುತ್ತು ಹೊರಗೆ ಇಣುಕುವ ಪ್ರಶ್ನೆಯೇ ಬರುತ್ತಿರಲಿಲ್ಲ. ಇನ್ನೂ ಚಿಕ್ಕ, ಇನ್ನೂ ಮೃದುವಾದ ಕಾಯಿಲನ್ನು ತೆಗೆದುಕೊಳ್ಳಬೇಕೆಂದು ಎರಡನೆಯ ಸಲವೇ ನನಗೂ ಸಹೋದ್ಯೋಗಿಗೂ ಹೊಳೆದಿತ್ತು; ತೆರೆದದ್ದನ್ನು ಎಸೆಯಲು ಯಾರಿಗೂ ಕೈ ಬರಲಿಲ್ಲ, ಯಾರೂ ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ಇಂತಹ ಪ್ರಕರಣಗಳ ವರದಿಗಳಲ್ಲಿ ಕಾಯಿಲ್‌ನ ಅಳತೆ, ಕ್ಯಾಥೆಟರಿನ ಕೋನ ಎಲ್ಲವೂ ದಾಖಲಾಗುತ್ತವೆ, ಈ ಹಿಂಜರಿಕೆಯೊಂದು ಮಾತ್ರ ದಾಖಲಾಗುವುದಿಲ್ಲ.

ಈಗ ಮುಂದಿದ್ದ ದಾರಿಗಳು ಕೆಲವು. ಬಿಚ್ಚಿದ ಭಾಗವನ್ನು ಚೀಲದೊಳಗೆ ಮರಳಿ ತಳ್ಳಲು ನೋಡಿದೆವು. ತಂತಿಗೆ ತಳ್ಳಿಸಿಕೊಳ್ಳುವ ಬಿಗುವಿಲ್ಲ, ದಾರವನ್ನು ಸೂಜಿಯಿಲ್ಲದೆ ಬಟ್ಟೆಗೆ ತೂರಿಸಿದಂತೆ. ಕ್ಯಾಥೆಟರನ್ನೂ ವೈರನ್ನೂ ಒಟ್ಟಿಗೆ ಮೆಲ್ಲಗೆ ಹಿಂದಕ್ಕೆ ತಂದು ನೋಡಿದೆವು. ಹಿಂದಿನ ಮೂರು ಕಾಯಿಲ್‌ಗಳ ಗಂಟು ಕೂಡ ಕತ್ತಿನ ಕಡೆಗೆ ಕೂದಲೆಳೆಯಷ್ಟು ವಾಲಿತು. ತಕ್ಷಣ ಕೈಬಿಟ್ಟೆವು. ಮೂರು ದಿನದ ಹಿಂದೆ ಒಡೆದ ಚೀಲದಿಂದ ಇಡೀ ಗಂಟನ್ನು ಕೀಳುವುದೆಂದರೆ ಅದನ್ನು ಮತ್ತೆ ಹರಿಯುವುದೇ ಸರಿ.

ಬಿಚ್ಚಿದ ಬಾಲವನ್ನು ಸ್ಟೆಂಟ್ ಇಟ್ಟು ನಾಳದ ಗೋಡೆಗೆ ಒತ್ತಿಬಿಡಬಹುದಿತ್ತು. ಚೆನ್ನಾಗಿ ಬಳಕೆಯಲ್ಲಿರುವ ಉಪಾಯವೇ ಅದು. ಆದರೆ ಸ್ಟೆಂಟ್ ಇಟ್ಟ ಮೇಲೆ ರಕ್ತ ಅಂಟದಂತೆ ಎರಡು ಬಗೆಯ ಔಷಧಿಗಳನ್ನು ಕೊಡಲೇಬೇಕು. ಇವರ ಮಿದುಳಿನ ಕುಹರಗಳು ಆಗಲೇ ತುಸು ಹಿಗ್ಗಿದ್ದವು. ನೀರು ಕಟ್ಟಿಕೊಂಡು ನಾಳೆ ತಲೆಗೆ ತೂತು ಕೊರೆದು ಡ್ರೈನ್ ಹಾಕಬೇಕಾಗಿ ಬಂದರೆ, ಆ ಔಷಧಿಗಳ ನಡುವೆ ಕೊರೆದ ದಾರಿಯುದ್ದಕ್ಕೂ ರಕ್ತಸ್ರಾವವಾಗುವ ಭಯವಿತ್ತು. ಸ್ಟೆಂಟನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡೆವು.

ಅಷ್ಟರಲ್ಲಿ ಎಡ ಎ-2ರ ಬುಡದಲ್ಲಿ ಬಣ್ಣ ಮಸುಕಾಯಿತು. ತಂತಿಯ ಸುತ್ತ ಹೆಪ್ಪು ಕಟ್ಟತೊಡಗಿತ್ತು, ಮುಂದಿನ ಹರಿವು ನಿಧಾನವಾಗಿತ್ತು. ರಕ್ತ ಹೆಪ್ಪುಗಟ್ಟುವ ಅವಧಿಯನ್ನು ಅಳೆದರೆ 190 ಸೆಕೆಂಡು. ನಮಗೆ ಬೇಕಾಗಿದ್ದದ್ದು 250ಕ್ಕೂ ಮೇಲೆ. ಗಾಬರಿಯಲ್ಲಿ ಒಂದು ಗಂಟೆಯಿಂದ ಅದನ್ನು ಯಾರೂ ನೋಡಿರಲಿಲ್ಲ. ಹೆಪಾರಿನ್ ಹೆಚ್ಚಿಸಿದೆವು. ಒಡೆದ ಅನ್ಯೂರಿಸಂ ಇರುವವರಿಗೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುವ ಟಿರೊಫಿಬ್ಯಾನ್ ಕೊಡುವುದು ಕತ್ತಿಯ ಮೇಲಿನ ನಡಿಗೆ. ಆದರೂ ಒಡೆದ ತುದಿ ಮೂರು ಕಾಯಿಲ್‌ಗಳ ಹಿಂದೆ ಸುಭದ್ರವಾಗಿದೆ ಎಂಬುದನ್ನು ಎರಡು ಕೋನಗಳಿಂದ ಖಚಿತಪಡಿಸಿಕೊಂಡು, ಒಟ್ಟು 0.5 ಮಿಲಿಗ್ರಾಂ ಟಿರೊಫಿಬ್ಯಾನನ್ನು ನಾಳದೊಳಕ್ಕೇ ಕಂತುಕಂತಾಗಿ ಕೊಟ್ಟೆವು. ಮೂರು ಕಾಯಿಲ್ ಕೂತಿರದೆ ಮೊದಲನೆಯದರಲ್ಲೇ ಹೀಗಾಗಿದ್ದರೆ ಆ ಔಷಧಿಯನ್ನು ಮುಟ್ಟುವ ಧೈರ್ಯ ನನಗಿರುತ್ತಿರಲಿಲ್ಲ.

ತಂತಿಯನ್ನು ಹಿಡಿದು ತೆಗೆಯಲು ಸ್ನೇರ್ ಎಂಬ ಕುಣಿಕೆಯಿದೆ. ಕೂದಲಿನಷ್ಟು ತೆಳುವಾದ, ಪರದೆಯಲ್ಲಿ ಕಾಣದ ತಂತಿಯನ್ನು ಹರಿಯುವ ರಕ್ತದ ನಡುವೆ ಕುಣಿಕೆಗೆ ಬೀಳಿಸುವುದು ಮಾತ್ರ ಹೇಳಿದಷ್ಟು ಸುಲಭವಲ್ಲ. ಇದಕ್ಕೊಂದು ಜಾಣತನದ ದಾರಿಯುಂಟು: ತಂತಿಯನ್ನು ಹುಡುಕುವ ಬದಲು, ತಂತಿ ಹಾದುಹೋಗಿರುವ ಕ್ಯಾಥೆಟರನ್ನೇ ಕಂಬಿಯಂತೆ ಬಳಸಿಕೊಳ್ಳುವುದು. ಮೈಕ್ರೋಕ್ಯಾಥೆಟರಿನ ಹೊರತುದಿಯ ಹಬ್ ಎಂಬ ಅಗಲ ಹಿಡಿಕೆಯನ್ನು ಒಳಗಿನ ವೈರಿಗೆ ತಾಗದಂತೆ ಕತ್ತರಿಸಿ ತೆಗೆದೆವು. ಸ್ನೇರಿನ ಕುಣಿಕೆಯನ್ನು ಹೊರಗಿನಿಂದಲೇ ಆ ಕ್ಯಾಥೆಟರಿನ ಸುತ್ತ ತೊಡಿಸಿ, ಬಾವಿಯ ಹಗ್ಗಕ್ಕೆ ಬಳೆ ತೊಡಿಸಿ ಇಳಿಬಿಟ್ಟಂತೆ, ಅದೇ ಗೈಡಿಂಗ್ ಕ್ಯಾಥೆಟರಿನೊಳಗಿಂದ ಮೇಲಕ್ಕೆ ಕಳಿಸಿದೆವು. ಕ್ಯಾಥೆಟರಿನ ತುದಿ ದಾಟಿದೊಡನೆ ಕುಣಿಕೆಯೊಳಗೆ ಇರುವುದು ತಂತಿಯಲ್ಲದೆ ಬೇರೇನೂ ಆಗಿರಲು ಸಾಧ್ಯವಿಲ್ಲ. ಕತ್ತಿನ ಹತ್ತಿರ, ಗಟ್ಟಿ ಕಾಯಿಲ್ ಶುರುವಾಗುವ ಕಡೆ ಕುಣಿಕೆಯನ್ನು ಬಿಗಿದು, ಸ್ನೇರ್, ಕ್ಯಾಥೆಟರ್, ವೈರ್ ಮೂರನ್ನೂ ಒಂದೇ ಹಿಡಿಯಲ್ಲಿ ಎಳೆಯತೊಡಗಿದೆವು. ಗಂಟು ವಾಲುತ್ತದೆಯೇ ಎಂದು ಸಹೋದ್ಯೋಗಿ ಪರದೆಯ ಮೇಲೆ ಪೆನ್ಸಿಲ್ ತುದಿ ಇಟ್ಟುಕೊಂಡು ನಿಂತಿದ್ದರು. ಸ್ವಲ್ಪ ಬಂದು, ತಡೆದು, ಒಮ್ಮೆಲೇ ಸಡಿಲಾಯಿತು. ತಂತಿ ತುಂಡಾಗಿತ್ತು.

ಹೊರಬಂದದ್ದನ್ನು ಉಪ್ಪುನೀರಿನ ಸ್ಟೀಲ್ ಬಟ್ಟಲಿಗೆ ಹಾಕಿದೆವು. ದೀಪಕ್ಕೆ ಹಿಡಿದಾಗ ಮಾತ್ರ ಮಿಂಚುವ, ಜೇಡನ ಬಲೆಯಂತಹ ಗೋಜಲು. ಅದನ್ನು ಹಸಿರು ಬಟ್ಟೆಯ ಮೇಲೆ ಬಿಡಿಸಿ ಅಳೆದೆವು: ನೇರವಾದ ತಂತಿ ಸುಮಾರು 42 ಸೆಂ.ಮೀ., ತುದಿಯಲ್ಲಿ ಇನ್ನೂ ಗಟ್ಟಿಯಾಗಿದ್ದ ಸುರುಳಿ 1.6 ಸೆಂ.ಮೀ. ಆ 42 ಸೆಂ.ಮೀ. ತಂತಿ ಸುರುಳಿಯಾಗಿದ್ದಾಗ ಮೂರೂವರೆ ಸೆಂ.ಮೀ.ಗೆ ತುಸು ಕಡಿಮೆ. ಎರಡೂ ಸೇರಿದರೆ 5 ಸೆಂ.ಮೀ. ಅಂದರೆ 6 ಸೆಂ.ಮೀ. ಕಾಯಿಲ್‌ನಲ್ಲಿ ಒಳಗೆ ಉಳಿದದ್ದು ಸುಮಾರು 1 ಸೆಂ.ಮೀ. ಮಾತ್ರ. ಹಿಗ್ಗಿಸಿದ ಚಿತ್ರದಲ್ಲಿ ಚೀಲದಿಂದ ಎ-1ರೊಳಕ್ಕೆ 6 ಮಿ.ಮೀ.ಯಷ್ಟು ಬಾಲ ಗೋಡೆಗೊರಗಿದ್ದುದು ಕಂಡಿತು. ಇಪ್ಪತ್ತು ನಿಮಿಷ ಕಾದು ಮತ್ತೆ ಬಣ್ಣ ಹಾಕಿದೆವು. ಎ-2ರ ಮಸುಕು ಬಹುಮಟ್ಟಿಗೆ ಕರಗಿತ್ತು, ಬಾಲ ಹರಿವಿನಲ್ಲಿ ತುಯ್ದಾಡುತ್ತಿರಲಿಲ್ಲ, ಚೀಲದ ಕತ್ತಿನಲ್ಲಿ ಸ್ವಲ್ಪ ಬಣ್ಣ ನಿಲ್ಲುತ್ತಿತ್ತು. ಕತ್ತನ್ನು ಪೂರ್ತಿ ಮುಚ್ಚಲು ಮತ್ತೊಂದು ಕಾಯಿಲ್ ಹಾಕುವ ಮಾತು ಬಂತು. ಅಂದಿಗೆ ಸಾಕು ಎಂದು ತೀರ್ಮಾನಿಸಿದೆವು. ಒಡೆದ ತುದಿ ಮುಚ್ಚಿದ್ದರೆ ಸದ್ಯದ ಗುರಿ ಮುಟ್ಟಿದಂತೆಯೇ.

ಅವರು ಎಚ್ಚರಗೊಂಡಾಗ ಮಾತು ಕಡಿಮೆಯಾಗಿತ್ತು, ಬಲಗಾಲಿನ ಪಾದವನ್ನು ಮೇಲಕ್ಕೆತ್ತಲು ಆಗುತ್ತಿರಲಿಲ್ಲ. ಮಾರನೆಯ ದಿನದ ಎಂ.ಆರ್.ಐ.ಯಲ್ಲಿ ಎಡ ಎ-2 ನಾಳದ ಸರಹದ್ದಿನಲ್ಲಿ ಎರಡು ಮೂರು ಸಣ್ಣ ಚುಕ್ಕೆಗಳಷ್ಟು ಜಾಗಕ್ಕೆ ರಕ್ತ ತಪ್ಪಿತ್ತು. 24 ಗಂಟೆಗಳ ನಂತರದ ಸ್ಕ್ಯಾನಿನಲ್ಲಿ ಹೊಸ ರಕ್ತಸ್ರಾವವಿಲ್ಲವೆಂದು ನೋಡಿಕೊಂಡು ಆಸ್ಪಿರಿನ್ ಒಂದನ್ನೇ ಆರಂಭಿಸಿದೆವು. ನಾಳಗಳ ಸಂಕೋಚನದಿಂದಾಗುವ ಹಾನಿಯನ್ನು ತಗ್ಗಿಸಲು ನಾಲ್ಕು ಗಂಟೆಗೊಮ್ಮೆ 60 ಮಿಲಿಗ್ರಾಂ ನಿಮೊಡಿಪಿನ್ 21 ದಿನ ನಡೆಯಿತು. ಚಿಕಿತ್ಸೆಯಾದ ಆರನೆಯ ದಿನ ನಾಳಗಳು ಸಂಕುಚಿತಗೊಂಡು ಮಂಪರು ಹೆಚ್ಚಿದಾಗ ರಕ್ತದೊತ್ತಡವನ್ನು ಏರಿಸಿ ನಿಭಾಯಿಸಲು ಸಾಧ್ಯವಾದದ್ದು ಚೀಲ ಮುಚ್ಚಿದ್ದರಿಂದಲೇ. ತಲೆಗೆ ಡ್ರೈನ್ ಹಾಕುವ ಪ್ರಸಂಗ ಬರಲಿಲ್ಲ.

ಚಿಕಿತ್ಸೆಯಾದ ರಾತ್ರಿಯೇ ಮಗನನ್ನು ಕೂರಿಸಿ ಆದದ್ದನ್ನು ಆದಂತೆ ಹೇಳಿದ್ದೆವು, ಬಟ್ಟಲನ್ನೂ ತೋರಿಸಿದ್ದೆವು. ಆತ ಬಹಳ ಹೊತ್ತು ಅದನ್ನೇ ನೋಡಿ, ಇಷ್ಟು ಸಣ್ಣದಾ ಎಂದಷ್ಟೇ ಕೇಳಿದ. ಆಮೇಲೆ, ಇನ್ನೊಂದು ಕಾಯಿಲ್ ಬೇಕಿದ್ದರೆ ಹೇಳಬಹುದಿತ್ತಲ್ಲ, ಹೇಗೋ ಮಾಡುತ್ತಿದ್ದೆ ಎಂದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಇಂತಹ ಕೇಸಿಗೆ ಮೊದಲು, ಬಲೂನು ಮತ್ತು ಎಸೆಯಬೇಕಾಗಿ ಬರಬಹುದಾದ ಒಂದೆರಡು ಕಾಯಿಲ್‌ಗಳ ಖರ್ಚನ್ನೂ ಸೇರಿಸಿಯೇ ಮನೆಯವರಿಗೆ ಅಂದಾಜು ಹೇಳುತ್ತೇವೆ. ಒಂದೇ ಕಾಯಿಲನ್ನು ಮೂರನೆಯ ಸಲ ತುಂಬುವುದನ್ನು ನಿಲ್ಲಿಸಿದ್ದೇವೆ. ಹೆಪ್ಪುಗಟ್ಟುವ ಅವಧಿಯನ್ನು ಗಂಟೆಗೊಮ್ಮೆ ನೋಡಿ ಕೂಗಿ ಹೇಳುವ ಕೆಲಸವನ್ನು ಅರಿವಳಿಕೆ ತಂತ್ರಜ್ಞರೊಬ್ಬರಿಗೆ ವಹಿಸಿದ್ದೇವೆ.

ಮೂರು ತಿಂಗಳಿಗೆ ಅವರು ಯಾರ ಆಸರೆಯೂ ಇಲ್ಲದೆ ನಡೆದುಕೊಂಡು ಬಂದರು. ಮಾತು ಮೊದಲಿನಂತಾಗಿತ್ತು, ಅಡುಗೆಯನ್ನೂ ತಾವೇ ಮಾಡುತ್ತಿದ್ದರು. ಬಲಗಾಲಿನ ಚಪ್ಪಲಿ ಮಾತ್ರ ಆಗಾಗ ಜಾರಿ ಹಿಂದೆ ಉಳಿಯುತ್ತದೆ ಎಂದರು. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಡಿಸಿದ್ದಾರೆ. ಆರು ತಿಂಗಳ ಆಂಜಿಯೋಗ್ರಾಂನಲ್ಲಿ ಎರಡೂ ಎ-2 ನಾಳಗಳು ತುಂಬಿಕೊಳ್ಳುತ್ತಿದ್ದವು, ಎ-1ರೊಳಗಿನ 6 ಮಿ.ಮೀ. ಬಾಲ ಇದ್ದಲ್ಲಿಯೇ ಇತ್ತು. ಕತ್ತಿನಲ್ಲಿ ಉಳಿದಿದ್ದ ಜಾಗ ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ. ಅದನ್ನು ಈಗ ಮುಟ್ಟದೆ, ಮತ್ತೊಂದು ವರ್ಷ ಬಿಟ್ಟು ಮತ್ತೆ ನೋಡುವುದೆಂದು ತೀರ್ಮಾನವಾಗಿದೆ.